ಇಳಿಜಾರಿನ ಸಾಲ

ಮನೆ ಗುಡ್ಡದ ಮೇಲೆ. ಆಸ್ಪತ್ರೆಯೂ ಗುಡ್ಡದ ಮೇಲೆ.
ನಡುವೆ ಒಂದು ಹೊಳೆ, ಹೆಸರು ಡಾನ್;
ಹೆಸರಿನಷ್ಟು ಜೋರಿಲ್ಲ, ಪಾಪ.
ಶೆಫೀಲ್ಡಿಗೆ ಬಂದ ಮೊದಲ ವಾರ
ನಕ್ಷೆ ನೋಡಿ ಅಂದುಕೊಂಡಿದ್ದೆ: ಮೂರೇ ಮೈಲಿ.
ಕಾಗದಕ್ಕೆ ಉಬ್ಬಸವಿಲ್ಲ.

ಬೆಳಿಗ್ಗೆ ಆರಕ್ಕೆ ವಾಕ್ಲಿಯ ಓಣಿಯಿಂದ ಬಿಟ್ಟರೆ
ಪೆಡಲು ತುಳಿಯುವ ಮಾತೇ ಇಲ್ಲ.
ಬ್ರೇಕಿನ ಮೇಲೆ ಎರಡು ಬೆರಳು, ಕಣ್ಣಲ್ಲಿ ನೀರು,
ಸಾಲುಮನೆ, ಚಿಮಣಿ, ಕಸದ ನೀಲಿ ಡಬ್ಬ
ಸರ್ರನೆ ಹಿಂದಕ್ಕೆ.
ಇದು ಸಾಲ. ಗೊತ್ತು.
ವಸೂಲಿಯವನು ಹೊಳೆಯಾಚೆ
ಕಾಲು ಚಾಚಿ ಕೂತಿದ್ದಾನೆ, ಬಡ್ಡಿಯ ಲೆಕ್ಕ ಹಾಕುತ್ತ.

ಹಿಲ್ಸ್‌ಬರೊ ಮೂಲೆಯಲ್ಲಿ ಟ್ರಾಮಿನ ಕಂಬಿ,
ಮಳೆ ಬಿದ್ದರೆ ಎಣ್ಣೆ ಸವರಿದ ಈಳಿಗೆ.
ನೇರ ದಾಟಬೇಕು, ಓರೆಯಾದರೆ ಮುಗಿಯಿತು.
ಓರೆಯಾಗಿಯೇ ದಾಟಿದೆ, ಕಳೆದ ನವೆಂಬರಿನಲ್ಲಿ.
ಮುಂದಿನ ಚಕ್ರ ಸಂದಿಗೆ ಸಿಕ್ಕಿತು, ನಾನು ಸಿಗಲಿಲ್ಲ,
ಹೋಗಿ ಬಿದ್ದೆ ಬಸ್ ಸ್ಟಾಪಿನ ಬುಡಕ್ಕೆ.
ಬುತ್ತಿಯ ಡಬ್ಬಿ ಬಾಯಿ ಬಿಟ್ಟು
ಡಾಂಬರಿನ ಮೇಲೆಲ್ಲ ಒಗ್ಗರಣೆ ಅವಲಕ್ಕಿ.
ಸಾಲಿನಲ್ಲಿದ್ದ ಮುದುಕ, ಕಂಕುಳಲ್ಲಿ ನಾಯಿ,
“ಪೆಟ್ಟಾಯಿತಾ, ಲವ್?” ಎಂದ.
ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಲವ್,
ಬಸ್ಸಿನ ಡ್ರೈವರಿಗೆ, ಮೀನಂಗಡಿಯವಳಿಗೆ;
ನಮ್ಮ ಕಡೆ ಆ ಪದವನ್ನು ಗೋಡೆಯ ಮೇಲೆ ಬರೆದು
ಓಡಿಹೋಗುತ್ತಾರೆ.
ನಾಯಿ ಕೆಳಗಿಳಿದು ಅವಲಕ್ಕಿ ಮೂಸಿತು,
ಹಸಿಮೆಣಸು ಸಿಕ್ಕಿತೋ ಏನೋ, ಸೀನಿತು.
ಅಳು ಬರುವುದಿತ್ತು. ನಗು ಬಂತು.

ಆಚೆಯ ಏರು.
ಮೊದಲ ತಿರುವಿಗೆ ಕೋಟು ಬಿಚ್ಚಬೇಕು,
ಎರಡನೆಯದಕ್ಕೆ ಅಭಿಮಾನ.
ಗೇರು ಮೂರು, ಎರಡು, ಒಂದು;
ಒಂದರ ಕೆಳಗೆ ಅಂಕಿಯಿಲ್ಲವೆಂದು
ಅಲ್ಲಿ ತಿಳಿಯುತ್ತದೆ.
ಅಲ್ಲೇ ದಿನಾ ನನ್ನನ್ನು ಹಿಂದೆ ಹಾಕುತ್ತಾಳೆ ಡೆನೀಸ್,
ಆಸ್ಪತ್ರೆಯ ಅಡುಗೆಮನೆಯವಳು, ವಯಸ್ಸು ಅರವತ್ತೆರಡು,
ಬ್ಯಾಟರಿ ಸೈಕಲ್ಲು, ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಬೆನ್ನು.
“ಒದ್ದೆ ಇವತ್ತು” ಎನ್ನುತ್ತಾಳೆ.
ಒದ್ದೆಯಿಲ್ಲದ ದಿನ, “ಒದ್ದೆಯಾಗಬಹುದು.”
ಅವಳ ಹಿಂದಿನ ಕೆಂಪು ದೀಪ
ಕಣ್ಣು ಮಿಟುಕಿಸುತ್ತ ತಿರುವಿನಲ್ಲಿ ಮರೆ.

ಇಳಿದು ತಳ್ಳುತ್ತೇನೆ.
ತಳ್ಳುವಾಗ ಕಂಡದ್ದು ತುಳಿಯುವಾಗ ಕಾಣುವುದಿಲ್ಲ:
ಕಿಟಕಿಯಲ್ಲಿ ಹಲ್ಲುಜ್ಜುವ ಹುಡುಗ,
ಕಬ್ಬಿಣದ ಬೇಲಿಗೆ ಯಾರೋ ಸಿಕ್ಕಿಸಿದ ಒಂಟಿ ಕೈಗವಸು
ತಿಂಗಳಿಂದ ಅಲ್ಲೇ ಬೆರಳೆತ್ತಿ ನಿಂತಿದೆ
ಹಾಜರಿ ಕೂಗಲೆಂದು.

ನನ್ನ ಕೆಲಸ ಕತ್ತರಿ ಎಣಿಸುವುದು.
ಆಪರೇಷನ್ ಕೋಣೆಯಿಂದ ಬಂದದ್ದನ್ನು
ತೊಳೆದು, ಹಬೆಗಿಟ್ಟು, ತಟ್ಟೆಗೆ ಜೋಡಿಸುವುದು.
ಹದಿನಾಲ್ಕು ಹೋಗಿದ್ದರೆ ಹದಿನಾಲ್ಕೇ ಬರಬೇಕು,
ಹದಿಮೂರಾದರೆ
ಯಾರದೋ ಹೊಟ್ಟೆಯ ಚಿಂತೆ.
ಸೈಕಲ್ಲು ಕಲಿತದ್ದೂ ಕತ್ತರಿಯಲ್ಲೇ:
ರಾಣೆಬೆನ್ನೂರಿನ ಹತ್ತಿ ಮಾರುಕಟ್ಟೆಯ ಬಯಲಲ್ಲಿ
ಮಾವನ ಜೆಂಟ್ಸ್ ಸೈಕಲ್ಲಿನ ತ್ರಿಕೋನದೊಳಗೆ
ಕತ್ತರಿ ಕಾಲು ತೂರಿಸಿ, ಲಂಗ ಸರಪಳಿಗೆ ಕೊಟ್ಟು,
ಸೊಟ್ಟಗೆ, ಸೊಟ್ಟಗೆ.
ಆ ಊರು ರೊಟ್ಟಿಯಷ್ಟು ಸಪಾಟು.
ಗಾಳಿಯೊಂದನ್ನು ಬಿಟ್ಟರೆ ಎದುರಾಳಿ ಇರಲಿಲ್ಲ.

ಸಂಜೆ ಮತ್ತೆ ಸಾಲ ಎತ್ತುತ್ತೇನೆ,
ಇಳಿಜಾರು, ಹೊಳೆ, ಕಂಬಿ
(ಈಗ ನೇರ, ಕೋನಮಾಪಕ ಇಟ್ಟು ನೋಡಿ ಬೇಕಾದರೆ),
ಆಮೇಲೆ ವಾಕ್ಲಿಯ ಏರು, ಮೊಣಕಾಲಿಗೆ ಬಡ್ಡಿ.
ಬಿಳಿ ವ್ಯಾನಿನವನೊಬ್ಬ ಗಾಜು ಇಳಿಸಿ ಏನೋ ಕೂಗುತ್ತಾನೆ;
ಗಾಳಿ ಅರ್ಧ ತಿಂದು ಅರ್ಧ ನನಗೆ ಕೊಡುತ್ತದೆ.
ಆ ಅರ್ಧವೂ ಒಳ್ಳೆಯದಲ್ಲ.
ಮನೆಗೆ ಬಂದು ಒಂದು ಲೋಟ ನೀರು ಕುಡಿದು
ಅವನಿಗೆ ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಪೂರ್ತಿ.

ಮೊನ್ನೆ ಗುರುವಾರ ಬೆಳಿಗ್ಗೆ
ಏರಿನ ನಡುವೆ ಡೆನೀಸ್, ನೆಲದ ಮೇಲೆ,
ಬ್ಯಾಟರಿ ಸತ್ತ ಸೈಕಲ್ಲು ತಳ್ಳುತ್ತ;
ಅದರ ತೂಕ ಒಂದು ಎಮ್ಮೆಕರುವಿನದು.
ನಾನಿನ್ನೂ ಸೀಟಿನ ಮೇಲಿದ್ದೆ.
ಎರಡು ವರ್ಷದಲ್ಲಿ ಮೊದಲ ಸಲ.
ಗಂಟೆ ಬಾರಿಸಿದೆ, ಒಪ್ಪಿಕೊಳ್ಳುತ್ತೇನೆ, ಎರಡೆರಡು ಬಾರಿ,
“ಒದ್ದೆಯಾಗಬಹುದು” ಎಂದು ದಾಟಿ ಹೋದೆ.
ಎದೆ ಕಮ್ಮಾರನ ತಿದಿ. ಆದರೂ ಇಳಿಯಲಿಲ್ಲ,
ತಿರುವು ಕಳೆದು ಅವಳಿಗೆ ಕಾಣದಾಗುವವರೆಗೆ.

ಆಮೇಲೆ ಕೈಗವಸಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು
ಸರಪಳಿ ನೋಡುತ್ತ ಕಾದೆ,
ಅವಳ ಚಕ್ರದ ಟಿಕಿಟಿಕಿ ಹತ್ತಿರ ಬರುವ ತನಕ.
ಸರಪಳಿಗೆ ಏನೂ ಆಗಿರಲಿಲ್ಲ.